ನಿಮಗಿದು ಗೊತ್ತೇ? – ನಗುವ ನೆಲ, ನೋಯುವ ನೆಲ

ಜೋಗುಪಾಳ್ಯದಿಂದ ಹೊರಟು ಹಲಸೂರು, ಶಿವಾಜಿನಗರ ದಾಟಿ ಕ್ವೀನ್ಸ್ ರಸ್ತೆಗೆ ಬಂದರೆ ಪಾರ್ಸಿಗಳ ಅಗ್ನಿಮಂದಿರ ಸಿಗುತ್ತದೆ. 1926ರಿಂದ ಅಲ್ಲೇ ಇದೆ. ಪಾರ್ಸಿ ಎಂದೊಡನೆ ನಮಗೆ ನೆನಪಾಗುವುದು ಬೆಂಕಿ, ಆಮೇಲೆ ಟಾಟಾ, ನಾಲಿಗೆ ಚಪಲ ಇದ್ದವರಿಗೆ ಧಾನ್‌ಸಾಕ್. ನೆಲ ಮಾತ್ರ ನೆನಪಾಗುವುದಿಲ್ಲ. ಆದರೆ ಪಾರ್ಸಿಗಳು ನಂಬುವ ಜರತುಷ್ಟ್ರನ ಧರ್ಮದಲ್ಲಿ ಕಾಲಡಿಯ ಮಣ್ಣಿಗೆ ಸಿಗುವ ಮರ್ಯಾದೆ ಬೆಂಕಿಗೆ ಸಿಗುವುದಕ್ಕಿಂತ ಕಡಿಮೆಯದೇನಲ್ಲ. ಈ ಸಲದ ಅಂಕಣ ಪೂರ್ತಿ ಆ ಮಣ್ಣಿಗೇ ಮೀಸಲು.

● ಭೂಮಿಯನ್ನು ಸೃಷ್ಟಿಸಲು ಎಷ್ಟು ದಿನ ಹಿಡಿಯಿತು? ಎಪ್ಪತ್ತು. ‘ಬುಂದಹಿಶ್ನ್’ ಎಂಬ ಪಹ್ಲವಿ ಗ್ರಂಥದಲ್ಲಿ ಲೆಕ್ಕ ಪಕ್ಕಾ ಇದೆ. ಸೃಷ್ಟಿಕರ್ತ ಅಹುರ ಮಜ್ದಾ ಮೊದಲು ಆಕಾಶ ಮಾಡಿದ, 40 ದಿನ. ನೀರಿಗೆ 55, ಭೂಮಿಗೆ 70, ಗಿಡಮರಗಳಿಗೆ 25, ದನಕರುಗಳಿಗೆ 75, ಮನುಷ್ಯನಿಗೆ 70. ಪ್ರತಿಯೊಂದು ಕೆಲಸ ಮುಗಿದ ಮೇಲೆ ಐದು ದಿನ ಬಿಡುವು. ಕೂಡಿಸಿ ನೋಡಿ, ಸರಿಯಾಗಿ 365 ಬರುತ್ತದೆ. ಬಿಡುವಿನ ಆ ಐದೈದು ದಿನಗಳೇ ಇಂದಿಗೂ ಪಾರ್ಸಿಗಳು ಆಚರಿಸುವ ಆರು ಗಹಂಬಾರ್ ಹಬ್ಬಗಳು. ಮನುಷ್ಯನಿಗಿಂತ ದನಕ್ಕೆ ಐದು ದಿನ ಹೆಚ್ಚು ಹಿಡಿದದ್ದು ನಮ್ಮ ಹಳ್ಳಿಯ ಯಾವ ಗೌಡರಿಗೂ ಆಶ್ಚರ್ಯ ತರಲಾರದು.

● ಆಕಾಶ ಮೊಟ್ಟೆಯ ಚಿಪ್ಪಿನಂತೆ ಸುತ್ತುವರಿದಿದೆ, ಭೂಮಿ ಅದರ ನಡುವಿನ ಭಂಡಾರದಂತಿದೆ ಎನ್ನುತ್ತವೆ ಪಹ್ಲವಿ ಗ್ರಂಥಗಳು. ‘ಬ್ರಹ್ಮಾಂಡ’ ಎಂದು ದಿನಬೆಳಗಾದರೆ ಹೇಳುವ ನಮಗೆ ಇದೇನೂ ಹೊಸದಲ್ಲ.

● ಮೊದಲಿಗೆ ಭೂಮಿಯ ಮೇಲೆ ಒಂದೇ ಒಂದು ಬೆಟ್ಟವಿರಲಿಲ್ಲ. ಸಪಾಟು ನೆಲ, ನೆತ್ತಿಯ ಮೇಲೆ ಕದಲದೆ ನಿಂತ ನಡುಹಗಲಿನ ಸೂರ್ಯ. ವರ್ಷದ ಮೊದಲ ದಿನ, ಮಟಮಟ ಮಧ್ಯಾಹ್ನ, ದುಷ್ಟಶಕ್ತಿ ಅಹ್ರಿಮನ್ ಆಕಾಶವನ್ನು ಸೀಳಿಕೊಂಡು ಒಳನುಗ್ಗಿ ಭೂಮಿಗೆ ತೂತು ಕೊರೆದ. ಭೂಮಿ ನಡುಗಿತು. ಆ ನಡುಕಕ್ಕೆ ಬೆಟ್ಟಗಳು ಎದ್ದವು. ಎಲ್ಲಕ್ಕೂ ಮೊದಲನೆಯದು ಅಲ್ಬುರ್ಜ್, ಪ್ರಾಚೀನ ಅವೆಸ್ತಾ ಭಾಷೆಯಲ್ಲಿ ಹರಾ ಬೆರೆಜೈತಿ. ಅದು ಪೂರ್ತಿ ಬೆಳೆಯಲು 800 ವರ್ಷ ಬೇಕಾಯಿತಂತೆ: ನಕ್ಷತ್ರಗಳ ಎತ್ತರಕ್ಕೆ 200, ಚಂದ್ರನ ಎತ್ತರಕ್ಕೆ 200, ಸೂರ್ಯನ ಎತ್ತರಕ್ಕೆ 200, ಕೊನೆಯಿಲ್ಲದ ಬೆಳಕನ್ನು ಮುಟ್ಟಲು ಮತ್ತೆ 200. ಅದರ ಬೇರಿನಿಂದ ಉಳಿದ ಬೆಟ್ಟಗಳು ಹುಟ್ಟಿದವು. ಒಟ್ಟು ಸಂಖ್ಯೆಯನ್ನೂ ಕೊಟ್ಟಿದ್ದಾರೆ, 2244.

ಲೋಕದ ಕೊನೆಯಲ್ಲಿ ಇವೆಲ್ಲ ಕರಗಿ ಭೂಮಿ ಮತ್ತೆ ಸಮತಟ್ಟಾಗುತ್ತದೆ. ವಾರಾಂತ್ಯಕ್ಕೆ ನಂದಿಬೆಟ್ಟ ಹತ್ತುವವರಿಗೆ ಬೇಸರದ ಸುದ್ದಿ.

● ಅಲ್ಬುರ್ಜ್ ಬೆಟ್ಟಕ್ಕೆ ಕಿಟಕಿಗಳಿವೆ. ಪೂರ್ವಕ್ಕೆ 180, ಪಶ್ಚಿಮಕ್ಕೆ 180. ಸೂರ್ಯ ದಿನಕ್ಕೊಂದು ಕಿಟಕಿಯಿಂದ ಬಂದು ಇನ್ನೊಂದರಲ್ಲಿ ಹೋಗುತ್ತಾನೆ. ಉತ್ತರಾಯಣ, ದಕ್ಷಿಣಾಯನಗಳಲ್ಲಿ ಸೂರ್ಯ ಹುಟ್ಟುವ ಜಾಗ ಸರಿಯುತ್ತಾ ಹೋಗುವುದಕ್ಕೆ ಇದಕ್ಕಿಂತ ಚಂದದ ವಿವರಣೆ ನಾನು ಓದಿಲ್ಲ.

● ಸಂಕಲ್ಪ ಹೇಳುವಾಗ ಪುರೋಹಿತರು ಜಂಬೂದ್ವೀಪ, ಭರತವರ್ಷ ಎಂದು ವಿಳಾಸ ಒಪ್ಪಿಸುತ್ತಾರಲ್ಲ, ಪಾರ್ಸಿಗಳ ಜಗತ್ತಿಗೂ ಅಂಥದೇ ನಕ್ಷೆಯಿದೆ. ತಿಷ್ಟ್ರ್ಯ ಎಂಬ ಮಳೆಯ ದೇವತೆ ಮೊದಲ ಮಳೆ ಸುರಿಸಿದಾಗ ನೆಲ ಏಳು ತುಂಡಾಯಿತು. ನಡುವಿನದು ಖ್ವನಿರಥ. ಅದೊಂದೇ ಉಳಿದ ಆರಕ್ಕೆ ಸಮ. ಮನುಷ್ಯರು ಮೊದಲು ಹುಟ್ಟಿದ್ದು ಅಲ್ಲೇ. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗಲಾಗದು. ಹಿಂದೊಮ್ಮೆ ಸರಿಸೋಕ್ ಎಂಬ ಮಹಾವೃಷಭದ ಬೆನ್ನೇರಿ ಜನ ದಾಟಿದರಂತೆ. ನಾವು ನಂಬಿದ ಬಸವ ಅಲ್ಲೂ ಇದ್ದಾನೆ!

● ಭೂಮಿಯನ್ನು ಕಾಯುವವಳು ಸ್ಪೆಂತಾ ಆರ್ಮೈತಿ, ಅಹುರ ಮಜ್ದಾನ ಮಗಳು. ಅವಳೇ ಭಕ್ತಿ, ಅವಳೇ ವಿನಯ, ಅವಳೇ ನೆಲ. ಗುಣ ಬೇರೆ, ಮಣ್ಣು ಬೇರೆ ಎಂದು ಈ ಧರ್ಮ ಬಿಡಿಸಿ ನೋಡುವುದಿಲ್ಲ. ಎಲ್ಲರ ಭಾರವನ್ನೂ ಬೇಸರಿಸದೆ ಹೊರುವುದರಿಂದ ಅವಳಿಗೆ ಆ ಗುಣ ಬಂತೋ, ಆ ಗುಣವಿದ್ದುದಕ್ಕೆ ಭೂಮಿ ಅವಳ ಪಾಲಿಗೆ ಬಂತೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಾರೆ. ಋಗ್ವೇದದಲ್ಲಿ ಅರಮತಿ ಎಂಬ ದೇವಿ ಇದ್ದಾಳೆ, ಆರ್ಮೈತಿಯ ನಂಟಸ್ತಿಕೆಯವಳು. ವಿಜಯನಗರದ ಸಾಯಣಾಚಾರ್ಯರು 14ನೇ ಶತಮಾನದಲ್ಲಿ ಬರೆದ ವೇದಭಾಷ್ಯದಲ್ಲಿ ಅವಳನ್ನು ಭೂಮಿ ಎಂದೇ ಅರ್ಥೈಸಿದ್ದುಂಟು.

ಪಾರ್ಸಿ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಆರ್ಮೈತಿ ಎಂದು ಹೆಸರಿಡುವ ರೂಢಿ ಇಂದಿಗೂ ಇದೆ. 1990ರ ದಶಕದಲ್ಲಿ ಯುಜಿಸಿ ಅಧ್ಯಕ್ಷೆಯಾಗಿದ್ದ ಆರ್ಮೈತಿ ದೇಸಾಯಿ ಅವರ ಹೆಸರು ಹಳಬರಿಗೆ ನೆನಪಿರಬಹುದು.

● ತಿಂಗಳ 30 ದಿನಕ್ಕೂ ಒಬ್ಬೊಬ್ಬ ದೇವತೆ. ಐದನೆಯ ದಿನ ಆರ್ಮೈತಿಯದು, 28ನೆಯದು ಜಮ್ಯಾದ್ ಎಂಬ ಇನ್ನೊಬ್ಬ ಭೂದೇವತೆಯದು. ನೆಲಕ್ಕೆ ತಿಂಗಳಿಗೆ ಎರಡು ದಿನ!

● ಈಗ ಮುಖ್ಯ ವಿಷಯ. ಈ ಧರ್ಮದಲ್ಲಿ ನೆಲಕ್ಕೆ ಸುಖದುಃಖಗಳಿವೆ. ‘ವೆಂದಿದಾದ್’ ಎಂಬ ಶುದ್ಧಿಶಾಸ್ತ್ರದ ಮೂರನೆಯ ಅಧ್ಯಾಯದಲ್ಲಿ ಜರತುಷ್ಟ್ರ ಅಹುರ ಮಜ್ದಾನನ್ನು ಕೇಳುತ್ತಾನೆ, ಭೂಮಿಗೆ ಎಲ್ಲಿ ಅತಿ ಹೆಚ್ಚು ಸಂತೋಷವಾಗುತ್ತದೆ ಎಂದು. ಐದು ಜಾಗಗಳ ಉತ್ತರ ಬರುತ್ತದೆ.

ಸೌದೆ, ಹಾಲು, ಒರಳು ಹಿಡಿದು ಧರ್ಮಾತ್ಮನೊಬ್ಬ ಪೂಜೆಗೆ ಹೆಜ್ಜೆಯಿಡುವ ಜಾಗ ಮೊದಲನೆಯದು. ಹೆಂಡತಿ ಮಕ್ಕಳು, ದನಕರು, ಆರದ ಒಲೆ ಇರುವ ಮನೆ ಎದ್ದು ನಿಂತ ಜಾಗ ಎರಡನೆಯದು. ದವಸ, ಹುಲ್ಲು, ಹಣ್ಣು ಹೆಚ್ಚು ಬೆಳೆಯುವ ಜಾಗ ಮೂರನೆಯದು. ಒಣನೆಲಕ್ಕೆ ನೀರು ಹಾಯಿಸುವುದು, ಜೌಗುನೆಲದ ನೀರು ಬಸಿಯುವುದು ಎರಡೂ ಇದರಲ್ಲಿ ಬರುತ್ತವೆ. (ಕೆರೆ ಬತ್ತಿಸಿ ಸೈಟು ಮಾಡಿದ ಬೆಂಗಳೂರಿನವರು ಇಲ್ಲಿ ಪುಣ್ಯ ಕೇಳಲು ಬರಬಾರದು. ಅಲ್ಲಿ ಹೇಳಿರುವುದು ಬೆಳೆಗಾಗಿ.) ದನಕುರಿಗಳು ಹೆಚ್ಚುವ ಜಾಗ ನಾಲ್ಕನೆಯದು. ಐದನೆಯದು, ಅವು ಹೆಚ್ಚು ಸಗಣಿ ಹಾಕುವ ಜಾಗ. ಧರ್ಮಗ್ರಂಥವೊಂದು ತಿಪ್ಪೆಯನ್ನು ಪೂಜೆಯ ಸಾಲಿನಲ್ಲೇ ಕೂರಿಸಿದೆ. ಬೇಸಾಯ ಗೊತ್ತಿದ್ದವರು ಬರೆದ ಶಾಸ್ತ್ರ ಇದು ಎನ್ನಲು ಬೇರೆ ಸಾಕ್ಷಿ ಬೇಡ.

ದುಃಖದ ಜಾಗಗಳೂ ಐದು. ನರಕದಿಂದ ದೆವ್ವಗಳು ಮೇಲೇಳುವ ಅರೆಜೂರ ಬೆಟ್ಟದ ಏಣು, ಮನುಷ್ಯರ ಮತ್ತು ನಾಯಿಗಳ ಹೆಣ ಹೂತ ಜಾಗ, ಹೆಣ ಇಡುವ ದಖ್ಮಾಗಳು ನಿಂತ ಜಾಗ, ಕ್ಷುದ್ರ ಜೀವಿಗಳ ಬಿಲಗಳಿರುವ ಜಾಗ. ಕೊನೆಯದನ್ನು ಓದಿದಾಗ ಮಾತ್ರ ಮನಸ್ಸು ನಿಂತುಬಿಡುತ್ತದೆ: ಯುದ್ಧದಲ್ಲಿ ಸೆರೆಸಿಕ್ಕ ಹೆಂಗಸರು ಮಕ್ಕಳು ಅಳುತ್ತಾ ನಡೆದುಹೋಗುವ ಧೂಳಿನ ದಾರಿ. ಅವರನ್ನು ಹೊತ್ತ ನೆಲವೂ ಅಳುತ್ತದೆ. ಶುದ್ಧಿ, ಮೈಲಿಗೆಗಳ ಪಟ್ಟಿಯಲ್ಲಿ ಇದು ಏಕೆ ಬಂತು ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಇಡೀ ಅಧ್ಯಾಯದ ಜೀವ ಇಲ್ಲೇ ಇದೆ.

● ಉಳದೆ ಬಿಟ್ಟ ನೆಲ ಶಪಿಸುತ್ತದೆ. ಎರಡು ಕೈಯಿಂದ ದುಡಿಯದವನು ಕಂಡವರ ಬಾಗಿಲಲ್ಲಿ ಅನ್ನಕ್ಕೆ ನಿಲ್ಲುತ್ತಾನೆ ಎಂದು ಭೂಮಿಯೇ ಹೇಳುವುದಾಗಿ ವೆಂದಿದಾದ್ ವರ್ಣಿಸುತ್ತದೆ. ಧಾನ್ಯ ಬಿತ್ತುವುದು ಧರ್ಮವನ್ನೇ ಬಿತ್ತಿದಂತೆ. ತೆನೆ ಕಟ್ಟಿ ಹಿಟ್ಟು ಬೀಸುವ ಹೊತ್ತಿಗೆ ದೆವ್ವಗಳು ಕಂಗಾಲಾಗಿ ಓಡುತ್ತವೆ. ಉಪವಾಸಕ್ಕೆ ಈ ಧರ್ಮದಲ್ಲಿ ಪುಣ್ಯವಿಲ್ಲ ಎಂಬುದನ್ನೂ ಸೇರಿಸಿಕೊಳ್ಳಿ.

ಜಮ್ಷೆಡ್ಜಿ ಟಾಟಾ 19ನೇ ಶತಮಾನದ ಕೊನೆಯಲ್ಲಿ ಬಸವನಗುಡಿಯ ಕಡೆ ಜಪಾನಿ ಪರಿಣತರನ್ನು ಕರೆಸಿ ರೇಷ್ಮೆ ತೋಟ ಮಾಡಿಸಿದ್ದು ಇದನ್ನು ಓದಿಯೇ ಎಂದು ಹೇಳಲಾಗದು. ಆದರೆ ಹಿಪ್ಪುನೇರಳೆ ಬೆಳೆದ ಆ ನೆಲಕ್ಕೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇನ್ನೂ ಉಳಿದಿದೆ.

● ನಾವು ದೇವರ ಮುಂದೆ ಚಪ್ಪಲಿ ಬಿಡುತ್ತೇವೆ. ‘ಸದ್ ದರ್’ ಎಂಬ ಪಾರ್ಸಿ ನಿಯಮಗ್ರಂಥ ಹೇಳುವುದು ತದ್ವಿರುದ್ಧ: ಬರಿಗಾಲು ನೆಲಕ್ಕೆ ಊರಬಾರದು, ಆರ್ಮೈತಿಗೆ ನೋವಾಗುತ್ತದೆ. ಬೆಳಗ್ಗೆ ಹಾಸಿಗೆಯಿಂದ ಎದ್ದು ಕಾಲೂರುವ ಮುಂಚೆ ಭೂಮಿತಾಯಿಯ ಕ್ಷಮೆ ಕೇಳುವ ನಮ್ಮ ಅಜ್ಜಿಯರಿಗೆ ಇದರ ಹಿಂದಿನ ಮನಸ್ಸು ತಟ್ಟನೆ ತಿಳಿದೀತು. ಅವರು ಕ್ಷಮೆ ಕೇಳಿದರು, ಇವರು ಮೆಟ್ಟು ಹಾಕಿಕೊಂಡರು.

ಅದೇ ಗ್ರಂಥ ನಿಂತು ಮೂತ್ರ ಮಾಡುವುದೂ ದೊಡ್ಡ ಪಾಪ ಎನ್ನುತ್ತದೆ. ಕಾಂಪೌಂಡ್ ಗೋಡೆಗೆ ಸರ್ವಧರ್ಮಗಳ ದೇವರ ಟೈಲ್ಸ್ ಅಂಟಿಸಿ ಸೋತ ಬೆಂಗಳೂರಿನ ಮನೆ ಮಾಲೀಕರ ಗಮನಕ್ಕೆ.

● ಕತ್ತರಿಸಿದ ಉಗುರು, ಕೂದಲು ದೇಹದಿಂದ ಬೇರೆಯಾದ ಕ್ಷಣವೇ ಸತ್ತ ವಸ್ತು. ಅದನ್ನು ಎಲ್ಲೆಂದರಲ್ಲಿ ಎಸೆಯುವಂತಿಲ್ಲ. ಬೆಂಕಿಯಿಂದ 20 ಹೆಜ್ಜೆ, ನೀರಿನಿಂದ 30 ಹೆಜ್ಜೆ ದೂರ ಹೋಗಿ ಗುಂಡಿ ತೋಡಬೇಕು. ಗಟ್ಟಿ ನೆಲವಾದರೆ ಹತ್ತು ಬೆರಳು ಆಳ, ಮೆತ್ತನೆಯ ನೆಲವಾದರೆ ಹನ್ನೆರಡು. ಸುತ್ತ ಲೋಹದಿಂದ ಮೂರು, ಆರು ಇಲ್ಲವೇ ಒಂಬತ್ತು ಗೆರೆ ಎಳೆಯಬೇಕು. ಸಲೂನು ಇಟ್ಟವರ ಪಾಡು ನೆನೆಸಿಕೊಳ್ಳಿ.

● ಗೆರೆ ಎಂದಾಗ ನೆನಪಾಯಿತು. ಅಗ್ನಿಮಂದಿರದಲ್ಲಿ ಯಸ್ನ ಪೂಜೆ ನಡೆಯುವ ಜಾಗವನ್ನು ನೆಲದಲ್ಲಿ ಕೊರೆದ ಸಣ್ಣ ಕಾಲುವೆಗಳಿಂದ ಬೇರ್ಪಡಿಸಿರುತ್ತಾರೆ. ಅವಕ್ಕೆ ಪಾವಿ ಎಂದು ಹೆಸರು. ಪುರೋಹಿತರ ಮುಂದೆ ಸೃಷ್ಟಿಗಳ ಪ್ರತಿನಿಧಿಗಳು ಇರುತ್ತವೆ: ನೀರಿಗೆ ನೀರು, ಗಿಡಕ್ಕೆ ದಾಳಿಂಬೆ ಕಡ್ಡಿ, ಪ್ರಾಣಿಗೆ ಹಾಲು, ಬೆಂಕಿಗೆ ಬೆಂಕಿ, ಮನುಷ್ಯನಿಗೆ ಪುರೋಹಿತರೇ. ಭೂಮಿಗೆ? ಆ ನೆಲವೇ. ಬೇರೆ ಏನನ್ನೂ ತಂದಿಡುವುದಿಲ್ಲ.

ಮನೆಯ ಹೊಸ್ತಿಲಿಗೆ ಸುಣ್ಣದ ಪುಡಿಯ ರಂಗೋಲಿ ಹಾಕುವುದು ಪಾರ್ಸಿಗಳಲ್ಲೂ ಇದೆ, ಗುಜರಾತಿನ ನಂಟಿನಿಂದ ಬಂದದ್ದು. ತೂತುಗಳಿರುವ ಲೋಹದ ಡಬ್ಬಿಗೆ ಪುಡಿ ತುಂಬಿ ತಟ್ಟಿದರೆ ಚಿತ್ರ ಮೂಡುತ್ತದೆ. ಮೀನು ಅವರ ಅಚ್ಚುಮೆಚ್ಚಿನ ಶುಭಚಿಹ್ನೆ. ಜೋಗುಪಾಳ್ಯದ ಓಣಿಗಳಲ್ಲಿ ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ಚುಕ್ಕಿ ಇಡುವವರಿಗೆ ಈ ಡಬ್ಬಿ ಕಳ್ಳದಾರಿ ಅನ್ನಿಸಬಹುದು, ಆದರೆ ಈಗ ಅವರ ಮನೆಗೂ ಪ್ಲಾಸ್ಟಿಕ್ ಅಚ್ಚು ಬಂದಾಗಿದೆ.

● ನಾಗರ ಪಂಚಮಿಗೆ ನಾವು ಹುತ್ತಕ್ಕೆ ಹಾಲೆರೆಯುತ್ತೇವೆ. ಪಾರ್ಸಿಗಳ ಮೂಲನೆಲವಾದ ಹಳೆಯ ಇರಾನಿನಲ್ಲಿ ಹುತ್ತ, ಬಿಲಗಳನ್ನು ಮುಚ್ಚಿದರೆ ಭೂಮಿ ಖುಷಿಪಡುತ್ತಿದ್ದಳು. ಹಾವು, ಇರುವೆ, ಕಪ್ಪೆಗಳು ಅಹ್ರಿಮನ್‌ನ ಪಡೆ. ಪುರೋಹಿತರು ಅವನ್ನು ಕೈಯಾರೆ ಕೊಲ್ಲುತ್ತಾರೆ ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕ್ರಿ.ಪೂ. 5ನೇ ಶತಮಾನದಲ್ಲೇ ದಾಖಲಿಸಿದ್ದಾನೆ. ಈ ಒಂದು ವಿಷಯದಲ್ಲಿ ನನ್ನ ಓಟು ನಮ್ಮ ನಾಗರಕಟ್ಟೆಗೇ.

● ಬೆನ್ಸನ್ ಟೌನ್ ಪಕ್ಕದ ನಂದಿದುರ್ಗ ರಸ್ತೆಯಲ್ಲಿ ಬೆಂಗಳೂರು ಪಾರ್ಸಿಗಳ ದಖ್ಮಾ ಇದೆ. ಸ್ವಾತಂತ್ರ್ಯಕ್ಕೆ ಮುಂಚಿನದು. ಸುತ್ತ ಮರಗಳು, ಒಳಗೆ ಹೊರಗಿನವರಿಗೆ ಪ್ರವೇಶವಿಲ್ಲ. ಹೆಣ ಹೂಳಿದರೆ ಮಣ್ಣು ಮೈಲಿಗೆ, ಸುಟ್ಟರೆ ಬೆಂಕಿ ಮೈಲಿಗೆ, ತೇಲಿಬಿಟ್ಟರೆ ನೀರು ಮೈಲಿಗೆ. ಉಳಿದ ದಾರಿ ಕಲ್ಲಿನ ವೃತ್ತದ ಮೇಲಿಟ್ಟು ಬಿಸಿಲಿಗೂ ಹದ್ದುಗಳಿಗೂ ಬಿಡುವುದು. ದಖ್ಮಾದ ಒಳಗೆ ಮೂರು ಸುತ್ತು: ಹೊರಗಿನದು ಗಂಡಸರಿಗೆ, ನಡುವಿನದು ಹೆಂಗಸರಿಗೆ, ಒಳಗಿನದು ಮಕ್ಕಳಿಗೆ. ಮಧ್ಯದಲ್ಲಿ ಮೂಳೆಗಳು ಸೇರುವ ಬಾವಿ. ಸಾಹುಕಾರನಿಗೂ ಬಡವನಿಗೂ ಅದೇ ಬಾವಿ.

ದಖ್ಮಾ ಕಟ್ಟುವ ಮೊದಲು ಭೂಮಿಯ ಅನುಮತಿ ಬೇಕು. ಅಗೆಯುವ ದಿನ ಪ್ರಾರ್ಥನೆಯಲ್ಲಿ ಆರ್ಮೈತಿಯ ಹೆಸರನ್ನು ಬೇರೆಯಾಗಿ ಕರೆಯುತ್ತಾರೆ, ಅವಳ ಒಂದು ತುಣುಕನ್ನು ಸತ್ತವರಿಗಾಗಿ ತೆಗೆದುಕೊಳ್ಳುತ್ತಿದ್ದೇವಲ್ಲ ಎಂದು. ಪಾಯದ ಸಮಯದಲ್ಲಿ ‘ತಾನಾ’ ಎಂಬ ವಿಧಿ ನಡೆಯುತ್ತದೆ. ನೆಲಕ್ಕೆ 301 ಮೊಳೆ ಹೊಡೆದು, ಹಲವು ಎಳೆ ಹೊಸೆದ ದಾರವನ್ನು ಅವುಗಳ ಸುತ್ತ ಮೂರು ಸಲ ಸುತ್ತುತ್ತಾರೆ. ಇಷ್ಟೇ ಜಾಗ, ಇದರಾಚೆಗೆ ಒಂದು ಅಂಗುಲವೂ ಬೇಡ ಎಂಬ ಕರಾರು ಅದು.

ಆದರೂ, ಮೇಲಿನ ದುಃಖದ ಪಟ್ಟಿಯಲ್ಲಿ ದಖ್ಮಾ ಇದ್ದದ್ದನ್ನು ಗಮನಿಸಿದಿರಾ? ಅದೇ ಅಧ್ಯಾಯ ದಖ್ಮಾಗಳನ್ನು ಕೆಡವುವವನು ಭೂಮಿಗೆ ಪರಮಾನಂದ ಕೊಡುತ್ತಾನೆ ಎಂದೂ ಹೇಳುತ್ತದೆ. ಹೆಣ ನೆಲದ ಮೇಲೆ ಬಿಸಿಲಿಗೆ ಬಿದ್ದಿದ್ದರೆ ಒಂದು ವರ್ಷಕ್ಕೆ ಆ ನೆಲ ಶುದ್ಧ, ಹೂತಿದ್ದರೆ 50 ವರ್ಷ, ದಖ್ಮಾದಲ್ಲಿದ್ದರೆ ಹೆಣದ ಧೂಳು ಮಣ್ಣಿನ ಧೂಳಾಗುವವರೆಗೆ. ಆ ಕಾಲದ ದಖ್ಮಾ ಎಂದರೆ ಮುಚ್ಚಿದ ಗೋರಿ, ಇಂದಿನ ಬಯಲುಗೋಪುರವಲ್ಲ ಎಂಬ ಸಮಾಧಾನ ಕೊಡುವವರಿದ್ದಾರೆ. ಹೇಗೂ ಇರಲಿ, ಸಾವಿಗೆ ಜಾಗ ಕೊಡುವುದು ಭೂಮಿಗೆ ಇಷ್ಟವಿಲ್ಲದ ಕೆಲಸ ಎಂಬುದನ್ನು ಗ್ರಂಥ ಮುಚ್ಚಿಟ್ಟಿಲ್ಲ.

● ಹೆಣವನ್ನು ಹದ್ದುಗಳಿಗೆ ಬಿಡುವ ಈ ವ್ಯವಸ್ಥೆಗೆ ಕುತ್ತು ತಂದದ್ದು ದನಗಳ ನೋವಿನ ಔಷಧಿ. ಡೈಕ್ಲೋಫಿನಾಕ್ ಚುಚ್ಚಿಸಿಕೊಂಡು ಸತ್ತ ದನದ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು, 1990ರ ದಶಕದಿಂದೀಚೆಗೆ ದೇಶದಲ್ಲಿ ಹದ್ದುಗಳ ಸಂತತಿಯೇ ಕುಸಿಯಿತು. 2006ರಲ್ಲಿ ಆ ಔಷಧಿಯನ್ನು ದನಗಳಿಗೆ ಕೊಡುವುದನ್ನು ಸರ್ಕಾರ ನಿಷೇಧಿಸಿತು. ಮುಂಬೈ ದಖ್ಮಾಗಳಲ್ಲಿ ಬಿಸಿಲನ್ನು ಒಟ್ಟುಗೂಡಿಸುವ ಸೌರಫಲಕಗಳು ಬಂದವು. ನಮ್ಮ ರಾಜ್ಯದಲ್ಲಿ ರಣಹದ್ದಿಗೆ ಹೆಸರಾದ ಜಾಗ ರಾಮನಗರದ ರಾಮದೇವರಬೆಟ್ಟ. ‘ಶೋಲೆ’ ಸಿನಿಮಾದ ಬಂಡೆಗಳ ಸೀಮೆ ಅದು, 2012ರಲ್ಲಿ ಹದ್ದುಗಳ ಅಭಯಾರಣ್ಯವಾಯಿತು.

● ದಖ್ಮಾ ಇಲ್ಲದ ಊರಿನಲ್ಲಿ? ಹೂಳುತ್ತಾರೆ, ಆದರೆ ಮಣ್ಣು ತಾಗದಂತೆ ಗುಂಡಿಗೆ ಕಲ್ಲು ಇಲ್ಲವೇ ಕಾಂಕ್ರೀಟ್ ಹೊದಿಸುವ ರೂಢಿಯಿದೆ. ಫೀಲ್ಡ್ ಮಾರ್ಷಲ್ ಮಾಣೆಕ್‌ಷಾ 2008ರಲ್ಲಿ ತೀರಿಕೊಂಡಾಗ ಊಟಿಯ ಪಾರ್ಸಿ ಸ್ಮಶಾನದಲ್ಲಿ ಪತ್ನಿಯ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಲಾಯಿತು. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಕಾರಣರಾದ ಜಮ್ಷೆಡ್ಜಿ ಟಾಟಾ 1904ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಅವರ ಸಮಾಧಿ ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿದೆ. ಆ ಇನ್‌ಸ್ಟಿಟ್ಯೂಟಿಗೆ ಮೈಸೂರು ಸಂಸ್ಥಾನ 371 ಎಕರೆ ಬೆಂಗಳೂರು ನೆಲ ಕೊಟ್ಟದ್ದು ಅದಾದ ಮೂರು ವರ್ಷಕ್ಕೆ. ಪ್ರಾಚೀನ ಪರ್ಷಿಯನ್ನರು ಹೆಣಕ್ಕೆ ಮೇಣ ಬಳಿದು ಹೂಳುತ್ತಿದ್ದರು ಎಂಬುದೂ ಹೆರೊಡೋಟಸ್ ಕೊಟ್ಟ ಮಾಹಿತಿ.

● ಜೋಗುಪಾಳ್ಯದ ಮಗ್ಗುಲಲ್ಲೇ ಹಾದುಹೋಗುವ ಹಳೇ ಮದ್ರಾಸ್ ರಸ್ತೆ ಹಿಡಿದರೆ ಕೋಲಾರ. ಅಲ್ಲಿನ ಚಿನ್ನ ಎಲ್ಲಿಂದ ಬಂತು? ಬುಂದಹಿಶ್ನ್‌ನ ಉತ್ತರ: ಮೊದಲ ಮನುಷ್ಯ ಗಯೋಮರ್ದ್‌ನನ್ನು ಅಹ್ರಿಮನ್ ಕೊಂದಾಗ ಅವನ ಶರೀರದಿಂದ ಲೋಹಗಳು ಹೊರಟು ಭೂಮಿಗೆ ಸೇರಿದವು. ತಲೆಯಿಂದ ಸೀಸ, ರಕ್ತದಿಂದ ತವರ, ಪಾದದಿಂದ ಕಬ್ಬಿಣ. ಪ್ರಾಣ ಹೋಗುವಾಗ ಬಂದದ್ದು ಚಿನ್ನ. ಪ್ರಾಣದ ಜೊತೆ ಹೊರಟದ್ದರಿಂದಲೇ ಜನ ಅದನ್ನು ಬಿಟ್ಟುಕೊಡಲು ಒಲ್ಲರಂತೆ. ಕೆಜಿಎಫ್ ಗಣಿಗೆ 2001ರಲ್ಲಿ ಬೀಗ ಬಿದ್ದರೂ ಅಕ್ಷಯ ತೃತೀಯದ ಸಾಲುಗಳು ಕರಗಿಲ್ಲವಲ್ಲ.

● ಅದೇ ಗಯೋಮರ್ದ್‌ನ ಬೀಜದ ಮೂರನೆಯ ಒಂದು ಪಾಲನ್ನು ಆರ್ಮೈತಿ ಮಡಿಲಲ್ಲಿ ಇಟ್ಟುಕೊಂಡಳು. 40 ವರ್ಷದ ನಂತರ ನೆಲದಿಂದ ಒಂದೇ ಕಾಂಡದ ಗಿಡ ಎದ್ದಿತು, ಎಲೆಗಳ ನಡುವೆ ತೋಳು ತಬ್ಬಿಕೊಂಡ ಗಂಡುಹೆಣ್ಣು. ಹೆಸರು ಮಷ್ಯಾ, ಮಷ್ಯಾನೆ. ಗಂಡಿನ ಪಕ್ಕೆಲುಬಿನಿಂದ ಹೆಣ್ಣನ್ನು ತೆಗೆಯುವ ಕಥೆ ಇಲ್ಲಿಲ್ಲ. ಇಬ್ಬರೂ ಒಂದೇ ದಂಟಿನಲ್ಲಿ ಬಂದವರು.

● ಲೋಕಾಂತ್ಯದಲ್ಲಿ ಬೆಟ್ಟಗಳೊಳಗಿನ ಲೋಹ ಕರಗಿ ಹೊಳೆಯಾಗಿ ಭೂಮಿಯ ಮೇಲೆ ಹರಿಯುತ್ತದೆ. ಎಲ್ಲರೂ ಅದನ್ನು ಹಾಯಲೇಬೇಕು. ಸಜ್ಜನರಿಗೆ ಬೆಚ್ಚಗಿನ ಹಾಲಿನಂತೆ, ದುರ್ಜನರಿಗೆ ಕರಗಿದ ಲೋಹದಂತೆಯೇ. ಕೊನೆಗೆ ಅದು ನರಕದ ಗುಂಡಿಗೂ ಹರಿದು ಅಲ್ಲಿನ ಕೊಳೆಯನ್ನು ಸುಡುತ್ತದೆ. ಭೂಮಿಯನ್ನು ಬಿಟ್ಟು ಮೇಲೆ ಹೋಗುವುದು ಇಲ್ಲಿ ಮೋಕ್ಷವಲ್ಲ. ಸತ್ತವರೆಲ್ಲ ಎದ್ದು ಬಂದು ರಿಪೇರಿಯಾದ ಈ ಭೂಮಿಯ ಮೇಲೆಯೇ ಬಾಳುತ್ತಾರೆ.

● ಭೂಮಿಯ ಸೃಷ್ಟಿ ಮುಗಿದ ಖುಷಿಗೆ ಬರುವ ಗಹಂಬಾರ್ ಹೆಸರು ಪೈತಿಶಹೆಮ್, ಕೊಯ್ಲಿನ ಹಬ್ಬ. ಬರಬೇಕಾದದ್ದು ಸೆಪ್ಟೆಂಬರಿನಲ್ಲಿ. ಆದರೆ ಹೆಚ್ಚಿನ ಪಾರ್ಸಿಗಳು ಅನುಸರಿಸುವ ಶಹೆನ್‌ಶಾಹಿ ಪಂಚಾಂಗದಲ್ಲಿ ಅಧಿಕ ದಿನವಿಲ್ಲದ್ದರಿಂದ ನಾಲ್ಕು ವರ್ಷಕ್ಕೊಂದು ದಿನದಂತೆ ಹಿಂದೆ ಸರಿಯುತ್ತಾ ಈಗ ಫೆಬ್ರವರಿ ಮೊದಲ ಭಾಗಕ್ಕೆ ಬಂದು ನಿಂತಿದೆ. ತುಳುನಾಡಿನಲ್ಲಿ ಭೂಮಿತಾಯಿ ಮುಟ್ಟಾಗುತ್ತಾಳೆಂದು ನೇಗಿಲು ಮುಟ್ಟದೆ ಆಚರಿಸುವ ಕೆಡ್ಡಸವೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ. ಶುದ್ಧ ಕಾಕತಾಳೀಯ, ಆದರೆ ಚಂದದ್ದು. ಈ ಜಾರಾಟ ತಪ್ಪಿಸಲು ಮುಂಬೈನ ಖುರ್ಷೆದ್‌ಜಿ ಕಾಮಾ 1906ರಲ್ಲಿ ಫಸ್ಲಿ ಪಂಚಾಂಗದ ಚಳವಳಿ ಹೂಡಿದರು; ಅದನ್ನು ಒಪ್ಪಿದವರ ಮನೆಯಲ್ಲಿ ಹಬ್ಬ ಸೆಪ್ಟೆಂಬರಿನಲ್ಲೇ. ಕದ್ಮಿ ಎಂಬ ಮೂರನೆಯ ಪಂಚಾಂಗದವರು ಶಹೆನ್‌ಶಾಹಿಗಿಂತ ಒಂದು ತಿಂಗಳು ಮುಂಚೆ, ನಮ್ಮ ಸಂಕ್ರಾಂತಿಗೆ ಸ್ವಲ್ಪ ಮೊದಲೇ ಮುಗಿಸಿಬಿಡುತ್ತಾರೆ. ಪಂಚಾಂಗದ ಜಗಳದಲ್ಲಿ ಲಾಭವಾದದ್ದು ಭೂಮಿಗೆ: ವರ್ಷಕ್ಕೆ ಮೂರು ಸಲ ಹಬ್ಬ.